ಫ್ಯಾನ್ ಗಾಳಿಗೆ ಓಡಿದ ಸೂಜಿ: ಕರೆಂಟ್ ಮಿರರ್ ಕಲಿಸಿದ ಪಾಠಗಳು

ಫ್ಯಾನ್ ಹಾಕಿದರೆ ಮೀಟರಿನ ಸೂಜಿ ಎಡಕ್ಕೆ ಸರಿಯುತ್ತಿತ್ತು. ಆರಿಸಿದರೆ ಐದಾರು ನಿಮಿಷಕ್ಕೆ ಮರಳಿ ಜಾಗಕ್ಕೆ ಬರುತ್ತಿತ್ತು. ಏಪ್ರಿಲ್ ತಿಂಗಳು, ಪುಣೆಯ ಖಡಕಿ ಬಜಾರಿನ ಒಂದು ಮಾಳಿಗೆ ಕೋಣೆ, ತಲೆಯ ಮೇಲೆ ತಗಡು. ಫ್ಯಾನ್ ಇಲ್ಲದೆ ನಾನು ಕೂರುವಂತಿಲ್ಲ, ಫ್ಯಾನ್ ಇದ್ದರೆ ಆಂಪ್ಲಿಫೈಯರ್ ಕೂರುವುದಿಲ್ಲ. ಎರಡು ದಿನ ಸಪ್ಲೈ, ಕೇಬಲ್, ಬೆಸುಗೆ ಎಲ್ಲದರ ಮೇಲೂ ಅನುಮಾನಪಟ್ಟೆ. ಫ್ಯಾನಿನ ಮೋಟಾರೇ ಗದ್ದಲ ಕಳಿಸುತ್ತಿದೆ ಎಂದು ಅದಕ್ಕೊಂದು ಕೆಪಾಸಿಟರ್ ಕೂಡ ಹಾಕಿದೆ. ಕಳ್ಳ ಇದ್ದದ್ದು ನಾನೇ ಹೆಮ್ಮೆಯಿಂದ ಕಟ್ಟಿದ್ದ ಎರಡು ಟ್ರಾನ್ಸಿಸ್ಟರುಗಳ ಕರೆಂಟ್ ಮಿರರಿನಲ್ಲಿ. ಅದು ಸಿಕ್ಕಿಬಿದ್ದ ಕಥೆ ಮುಂದೆ ಬರುತ್ತದೆ.

ಖಡಕಿ ಯಂತ್ರಗಳ ಊರು. 1869ರಿಂದ ಇಲ್ಲಿ ಮದ್ದುಗುಂಡಿನ ಕಾರ್ಖಾನೆ ಇದೆ. 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಆ ಮನೆತನದ ಉದ್ಯಮದ ಬೇರು ನಮ್ಮ ಕಡೆಯದೇ: ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ. ವಿಜಯಪುರದ ಕಡೆಯಿಂದ ಡಿಪ್ಲೊಮಾ ಹಿಡಿದುಕೊಂಡು ರೈಲು ಇಳಿದ ನನ್ನಂಥವನಿಗೆ ಆ ಹೆಸರೇ ಒಂದು ಧೈರ್ಯ. ಎಂಜಿನ್ನು, ಪ್ರೆಸ್ಸು, ತೂಕದ ಯಂತ್ರ ಇದ್ದಲ್ಲಿ ಸ್ಟ್ರೇನ್ ಗೇಜ್ ಇರುತ್ತದೆ, ಸ್ಟ್ರೇನ್ ಗೇಜ್ ಇದ್ದಲ್ಲಿ ಮಿಲಿವೋಲ್ಟ್ ಹಿಗ್ಗಿಸುವವನಿಗೆ ಕೆಲಸ ಇರುತ್ತದೆ. ಸಾಮಾನ್ಯ ಲೋಡ್ ಸೆಲ್ಲಿಗೆ 10 ವೋಲ್ಟ್ ಕೊಟ್ಟು ಪೂರ್ತಿ ಭಾರ ಹೇರಿದರೂ ಅದು ತಿರುಗಿ ಕೊಡುವುದು 20 ಮಿಲಿವೋಲ್ಟ್. ಮೂವತ್ತಕ್ಕೂ ಹೆಚ್ಚು ವರ್ಷ ನನ್ನ ಮನೆ ನಡೆದದ್ದು ಆ 20 ಮಿಲಿವೋಲ್ಟಿನಲ್ಲಿ.

ಹೊಸಬರಿಗೆ ಒಂದು ಮಾತು. ಡಿಫರೆನ್ಶಿಯಲ್ ಜೋಡಿ ಎಂದರೆ ತಕ್ಕಡಿ. ಎರಡು ಎನ್‌ಪಿಎನ್ ಟ್ರಾನ್ಸಿಸ್ಟರುಗಳ ಎಮಿಟರ್ ಕೂಡಿಸಿ ಕೆಳಗಿನಿಂದ ಒಂದು ನಿಶ್ಚಿತ ಕರೆಂಟ್ ಎಳೆಯುತ್ತೇವೆ; ಅದಕ್ಕೆ ಟೇಲ್ ಕರೆಂಟ್ ಎನ್ನುತ್ತಾರೆ. ಎರಡು ಬೇಸುಗಳು ಸಮ ಇದ್ದರೆ ಅದು ಅರ್ಧರ್ಧ ಹಂಚಿಕೆಯಾಗುತ್ತದೆ, ಒಂದು ಏರಿದರೆ ಪಾಲು ಅತ್ತ ವಾಲುತ್ತದೆ. ಮೇಲೆ ಕಲೆಕ್ಟರುಗಳಿಗೆ ರೆಸಿಸ್ಟರ್ ಹಾಕುವುದು ಹಳೆಯ ರೂಢಿ. ಅದರ ಬದಲು ಎರಡು ಪಿಎನ್‌ಪಿ ಕೂರಿಸಿ, ಒಂದರ ಬೇಸು-ಕಲೆಕ್ಟರ್ ಕೂಡಿಸಿ ಡಯೋಡ್ ಮಾಡಿ, ಅದೇ ಬೇಸನ್ನು ಇನ್ನೊಂದಕ್ಕೆ ಕೊಟ್ಟರೆ, ಈ ಬದಿಯಲ್ಲಿ ಹರಿದ ಕರೆಂಟಿನ ನಕಲು ಆ ಬದಿಯಲ್ಲಿ ಹರಿಯುತ್ತದೆ. ಅದೇ ಕರೆಂಟ್ ಮಿರರ್, ಅದೇ ಇಲ್ಲಿ ಆಕ್ಟಿವ್ ಲೋಡ್. ನಾನು ಕನ್ನಡಿ ಎಂದೇ ಕರೆಯುತ್ತೇನೆ. ಕೆಳಗಿನ ಲೆಕ್ಕಗಳೆಲ್ಲ 1 ಮಿಲಿಆಂಪ್ ಟೇಲ್, ಅಂದರೆ ಬದಿಗೆ ಅರ್ಧ ಮಿಲಿಆಂಪ್, ಪ್ಲಸ್-ಮೈನಸ್ 12 ವೋಲ್ಟ್ ಸಪ್ಲೈ ಇಟ್ಟುಕೊಂಡು ಮಾಡಿದವು.

1. ಔಟ್‌ಪುಟ್ ಸತ್ತಿದೆ ಎನ್ನುವ ಮೊದಲು

ಇಂಡಿ ಕಡೆಯ ಹುಡುಗನೊಬ್ಬ ನನ್ನ ಬಳಿ ಕಲಿಯಲು ಇದ್ದ. ಬ್ರೆಡ್‌ಬೋರ್ಡಿನ ಮೇಲೆ ಮೊದಲ ಸಲ ಕನ್ನಡಿ ಕಟ್ಟಿ, ಎರಡೂ ಇನ್‌ಪುಟ್ ಗ್ರೌಂಡಿಗೆ ಸೇರಿಸಿ, ಮೀಟರ್ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಮುಖ ಸಪ್ಪೆ ಮಾಡಿಕೊಂಡು ಬಂದ.

"ಕಾಕಾ, ಔಟ್‌ಪುಟ್ ಮ್ಯಾಲ ಹೋಗಿ ಕುಂತದರಿ. ಇಳಿವಲ್ದು. ಟ್ರಾನ್ಸಿಸ್ಟರ್ ಸತ್ತಾವ ಕಾಣಸ್ತದ."

"ಸತ್ತಿಲ್ಲೋ ತಮ್ಮಾ. ಭಾಳ ಜೀವಂತ ಅದ, ಅದಕ್ಕ ಹಂಗ ಮಾಡ್ತದ."

ಲೆಕ್ಕ ಹಾಕಿ ತೋರಿಸಿದೆ. 10 ಕೆ ರೆಸಿಸ್ಟರ್ ಹಾಕಿದ್ದರೆ ಅದರ ಮೇಲೆ 5 ವೋಲ್ಟ್ ಬೀಳುತ್ತದೆ. ಗೇನ್ ಎಂದರೆ ಆ 5 ವೋಲ್ಟನ್ನು ಥರ್ಮಲ್ ವೋಲ್ಟೇಜ್ ಎನ್ನುವ 26 ಮಿಲಿವೋಲ್ಟಿನಿಂದ ಭಾಗಿಸಿದ್ದು, ಹೆಚ್ಚುಕಡಿಮೆ 190. ಒಂದೇ ಕಲೆಕ್ಟರಿನಿಂದ ತೆಗೆದರೆ ಅದರಲ್ಲೂ ಅರ್ಧ. ಹತ್ತು ಪಟ್ಟು ಬೇಕೆಂದು 100 ಕೆ ಹಾಕಲು ಹೋದರೆ 50 ವೋಲ್ಟ್ ಬೀಳಬೇಕು, ಅಷ್ಟು ಸಪ್ಲೈ ಯಾರ ಮನೆಯಲ್ಲಿದೆ? ಕನ್ನಡಿ ಹಾಕಿದಾಗ ಎರಡೂ ಬಗೆಯ ಟ್ರಾನ್ಸಿಸ್ಟರಿನ ಅರ್ಲಿ ವೋಲ್ಟೇಜ್ (ಕಲೆಕ್ಟರ್ ವೋಲ್ಟೇಜ್ ಬದಲಾದರೆ ಕರೆಂಟ್ ಎಷ್ಟು ಅಲುಗುತ್ತದೆ ಎನ್ನುವುದರ ಅಳತೆ) 100 ವೋಲ್ಟ್ ಎಂದು ಹಿಡಿದರೆ, ಒಂದೊಂದರ ಔಟ್‌ಪುಟ್ ರೆಸಿಸ್ಟೆನ್ಸ್ 200 ಕೆ. ಎರಡೂ ಪ್ಯಾರಲಲ್ ಸೇರಿ 100 ಕೆ. 50 ವೋಲ್ಟ್ ಕಳೆದುಕೊಳ್ಳದೆಯೇ 100 ಕೆ ಸಿಕ್ಕಿತು, ಗೇನ್ 1900ಕ್ಕೆ ಹೋಯಿತು. ಇನ್ನು ಹುಡುಗನ ಟ್ರಾನ್ಸಿಸ್ಟರುಗಳ ನಡುವೆ 5 ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಸಾಕು, ಅದು 1900ರಿಂದ ಗುಣಿಸಿಕೊಂಡು ಒಂಬತ್ತೂವರೆ ವೋಲ್ಟ್ ಆಗುತ್ತದೆ. ಮೇಲಿನ ಗೋಡೆಗೋ ಕೆಳಗಿನ ಗೋಡೆಗೋ ಹೋಗಿ ಅಂಟಿಕೊಳ್ಳುವುದು ಅದರ ಧರ್ಮ.

ಪರೀಕ್ಷಿಸುವ ದಾರಿ ಬೇರೆ. ಔಟ್‌ಪುಟ್ ಬದಿಯ ಎನ್‌ಪಿಎನ್ ಟ್ರಾನ್ಸಿಸ್ಟರಿನ ಬೇಸನ್ನು ಗ್ರೌಂಡಿನಿಂದ ಬಿಡಿಸಿ, ಅದಕ್ಕೆ ಔಟ್‌ಪುಟ್ಟನ್ನೇ ನೇರವಾಗಿ ಕೊಡಿ. ತಕ್ಕಡಿ ತನ್ನನ್ನು ತಾನೇ ತೂಗಿಕೊಂಡು ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಸೊನ್ನೆಯಿಂದ ಎಷ್ಟು ಮಿಲಿವೋಲ್ಟ್ ಆಚೆ ನಿಂತಿತೋ ಅದೇ ನಿಮ್ಮ ಆಫ್‌ಸೆಟ್. ಫೀಡ್‌ಬ್ಯಾಕ್ ಇಲ್ಲದೆ ಈ ಸರ್ಕ್ಯೂಟನ್ನು ಅಳೆಯಬಾರದು ಎಂದು ಅವತ್ತೇ ಬೆಂಚಿನ ಎದುರಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಮನೆ ಮಾಲೀಕರು ಸುಣ್ಣ ಬಳಿಸುವ ತನಕ ಅದು ಅಲ್ಲೇ ಇತ್ತು.

2. ಪುಸ್ತಕದ 1900, ಬೆಂಚಿನ 19

ಪುಸ್ತಕಗಳು ಕನ್ನಡಿಯನ್ನು ಹೊಗಳುವುದು ಗೇನಿಗಾಗಿ. ನಾನೂ ಹಾಗೇ ನಂಬಿದ್ದೆ. ಆದರೆ ಆ 1900 ಇರುವುದು ಔಟ್‌ಪುಟ್ಟಿಗೆ ಏನೂ ಸೇರಿಸದಿದ್ದಾಗ ಮಾತ್ರ. ಆಡಿಯೋ ಆಂಪ್ಲಿಫೈಯರಿನಲ್ಲಿ ಇದರ ಮುಂದೆ ಎರಡನೇ ಹಂತದ ಟ್ರಾನ್ಸಿಸ್ಟರ್ ಕೂತಿರುತ್ತದೆ. ಅದರಲ್ಲಿ 5 ಮಿಲಿಆಂಪ್ ಹರಿಯುತ್ತಿದ್ದು ಬೀಟಾ 200 ಇದ್ದರೆ ಅದರ ಇನ್‌ಪುಟ್ ರೆಸಿಸ್ಟೆನ್ಸ್ ಸುಮಾರು 1 ಕೆ. ನೀವು ಕಷ್ಟಪಟ್ಟು ಗಳಿಸಿದ 100 ಕೆ ಮೇಲೆ ಈ 1 ಕೆ ಬಂದು ಕೂರುತ್ತದೆ; 1900 ಹೋಗಿ 19 ಉಳಿಯುತ್ತದೆ.

ಹಾಗಾದರೆ ಕನ್ನಡಿ ಯಾಕೆ? ಎರಡು ಕಾರಣಕ್ಕೆ, ಎರಡೂ ನನಗೆ ತಡವಾಗಿ ತಿಳಿದವು. ರೆಸಿಸ್ಟರ್ ಲೋಡಿನಲ್ಲಿ ಒಂದು ಬದಿಯ ಸಿಗ್ನಲ್ ಬಳಸಿ ಇನ್ನೊಂದು ಬದಿಯದನ್ನು ಬಿಸಾಡುತ್ತೇವೆ. ಕನ್ನಡಿ ಆ ಬಿಸಾಡಿದ ಅರ್ಧವನ್ನು ಮಗುಚಿ ತಂದು ಈ ಅರ್ಧಕ್ಕೆ ಕೂಡಿಸುತ್ತದೆ. ಎರಡೂ ಬದಿಗೆ ಸಮನಾಗಿ ಬಂದ ಗದ್ದಲವನ್ನು ಕಳೆಯುತ್ತದೆ. ಸ್ಟ್ರೇನ್ ಗೇಜಿನ ಉದ್ದನೆಯ ಕೇಬಲ್ಲಿನಲ್ಲಿ 50 ಹರ್ಟ್ಜ್ ಗುಂಯ್‌ಗುಟ್ಟುವ ನಮ್ಮ ಕೆಲಸಕ್ಕೆ ಈ ಕಳೆಯುವ ಲೆಕ್ಕವೇ ದೊಡ್ಡ ಉಪಕಾರ. ಎರಡನೆಯದು, ಕನ್ನಡಿ ಟೇಲ್ ಕರೆಂಟನ್ನು ಬಲವಂತವಾಗಿ ಸಮಪಾಲು ಮಾಡುತ್ತದೆ. ರೆಸಿಸ್ಟರಿನ ಬೆಲೆ ಸ್ವಲ್ಪ ತಪ್ಪಿದರೆ ಒಂದು ಬದಿಗೆ 0.4, ಇನ್ನೊಂದಕ್ಕೆ 0.6 ಹೋಗಿ ಆಡಿಯೋದಲ್ಲಿ ಎರಡನೇ ಹಾರ್ಮೋನಿಕ್ ವಿಕೃತಿ ಹುಟ್ಟುತ್ತದೆ. ಸಮಪಾಲಾದರೆ ಅದು ಅಡಗುತ್ತದೆ.

ವೇಗದ ಲಾಭವೂ ಉಂಟು. ಕಾಂಪೆನ್ಸೇಶನ್ ಕೆಪಾಸಿಟರ್ 100 ಪಿಕೋಫ್ಯಾರಡ್ ಇದ್ದರೆ ರೆಸಿಸ್ಟರ್ ಲೋಡಿನಲ್ಲಿ ಅದನ್ನು ತುಂಬಲು, ಬರಿದು ಮಾಡಲು ಸಿಗುವುದು ಅರ್ಧ ಮಿಲಿಆಂಪ್, ಮೈಕ್ರೋಸೆಕೆಂಡಿಗೆ 5 ವೋಲ್ಟ್. ಕನ್ನಡಿಯಲ್ಲಿ ಎರಡೂ ದಿಕ್ಕಿಗೆ ಪೂರ್ತಿ 1 ಮಿಲಿಆಂಪ್, 10 ವೋಲ್ಟ್.

3. ಕಾಲು ಎಣಿಸಿ

ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇಟ್ಟು ನೋಡಿದರೆ ಬಿಸಿ 547 ಮತ್ತು 557ಕ್ಕೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್ 3904 ಮತ್ತು 3906ಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ಒಂದರ ಜಾಗಕ್ಕೆ ಇನ್ನೊಂದನ್ನು ಹಾಗೇ ಚುಚ್ಚಿದರೆ ತಲೆಕೆಳಗಾಗಿ ಕೂರುತ್ತದೆ, ಆದರೂ ಪೂರ್ತಿ ಸುಮ್ಮನಾಗುವುದಿಲ್ಲ. ತೀರ ಕಡಿಮೆ ಬೀಟಾದಲ್ಲಿ ಕೆಲಸ ಮಾಡಿದಂತೆ ನಟಿಸುತ್ತದೆ. ಪೂರ್ತಿ ಕೆಟ್ಟದ್ದನ್ನು ಹುಡುಕುವುದು ಸುಲಭ, ನಟಿಸುವುದನ್ನು ಹುಡುಕಲು ನನಗೊಂದು ಇಡೀ ಭಾನುವಾರ ಹೋಗಿದೆ.

4. ಅವಳಿಗಳನ್ನು ಅಂಗಡಿಯವರು ಕೊಡುವುದಿಲ್ಲ, ನಾವೇ ಹುಡುಕಬೇಕು

1960ರ ದಶಕದಲ್ಲಿ ಫೇರ್‌ಚೈಲ್ಡ್‌ನಲ್ಲಿ ಬಾಬ್ ವಿಡ್ಲರ್ ಚಿಪ್ಪಿನ ಮೇಲೆ ಸರ್ಕ್ಯೂಟ್ ಬರೆಯುವಾಗ ಅವನಿಗೆ ರೆಸಿಸ್ಟರ್ ದುಬಾರಿ, ಟ್ರಾನ್ಸಿಸ್ಟರ್ ಅಗ್ಗ. ಪಕ್ಕಪಕ್ಕದಲ್ಲಿ ಮೂಡಿದ ಎರಡು ಟ್ರಾನ್ಸಿಸ್ಟರುಗಳು ಅವಳಿಗಳಂತೆಯೇ ಇರುತ್ತಿದ್ದವು. ಬಿಡಿ ಬಿಡಿಯಾಗಿ ಬೆಸೆಯುವ ನಮ್ಮ ಪಾಲಿಗೆ ಇದು ಪೂರ್ತಿ ಉಲ್ಟಾ. ರೆಸಿಸ್ಟರ್ ಪೈಸೆಯ ಲೆಕ್ಕ, ಹೊಂದುವ ಜೋಡಿ ಸಿಕ್ಕುವುದು ಪುಣ್ಯದ ಲೆಕ್ಕ. ಬೇಸ್-ಎಮಿಟರ್ ವೋಲ್ಟೇಜಿನಲ್ಲಿ 1 ಮಿಲಿವೋಲ್ಟ್ ಹೆಚ್ಚುಕಡಿಮೆ ಆದರೆ ನಕಲಿನಲ್ಲಿ 4 ಶೇಕಡಾ ತಪ್ಪು. 18 ಮಿಲಿವೋಲ್ಟ್ ಆದರೆ ಕರೆಂಟ್ ಎರಡು ಪಟ್ಟು.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಬಿಇಎಲ್‌ನ ಬಿಸಿ 148ರ ಮೇಲೆ. ಆಮೇಲೆ ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗಿ ಬಿಸಿ 557 ನೂರರ ಪಟ್ಟಿ ಕೇಳುತ್ತಿದ್ದೆ. ಬಿಡಿ ನೂರು ಬೇಡ, ಒಂದೇ ಟೇಪಿನಲ್ಲಿರುವ ನೂರು. "ಅಣ್ಣಾ, ರೇಡಿಯೋ ಫ್ಯಾಕ್ಟರಿ ಹಾಕ್ತೀರೇನು?" ಎಂದು ಅಂಗಡಿಯವರು ಮರಾಠಿಯಲ್ಲಿ ನಗುತ್ತಿದ್ದರು. ಬೇಕಾದದ್ದು ಎರಡು. ಆದರೆ ಒಂದೇ ಬ್ಯಾಚಿನ ನೂರರಲ್ಲಿ ಹೊಂದುವ ಎರಡು ಸಿಕ್ಕೇ ಸಿಗುತ್ತವೆ, ಬೇರೆ ಬೇರೆ ಡಬ್ಬಿಯಿಂದ ಆಯ್ದ ನೂರರಲ್ಲಿ ಸಿಗುವ ಭರವಸೆ ಇಲ್ಲ.

ಅಳೆಯುವ ಬಗೆ ಹೀಗೆ. ಒಂದು ಟ್ರಾನ್ಸಿಸ್ಟರನ್ನು ಯಜಮಾನ ಎಂದು ಖಾಯಂ ಕೂರಿಸಿ, ಬೇಸು-ಕಲೆಕ್ಟರ್ ಕೂಡಿಸಿ 22 ಕೆ ಮೂಲಕ 12 ವೋಲ್ಟಿಗೆ (ಪಿಎನ್‌ಪಿ ಆದರೆ ಮೈನಸ್ 12ಕ್ಕೆ), ಎಮಿಟರನ್ನು ಗ್ರೌಂಡಿಗೆ ಸೇರಿಸಿ. ಅರ್ಧ ಮಿಲಿಆಂಪ್ ಹರಿಯುತ್ತದೆ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಖಾಲಿ ಜಾಗ, ಒಂದು ಸಾಕೆಟ್. ಎರಡಕ್ಕೂ ತಾಳೆ ನೋಡಿದ 22 ಕೆ. ಮಲ್ಟಿಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು ಯಜಮಾನನಿಗೂ ಹೊಸಬನಿಗೂ ನಡುವಿನ ವ್ಯತ್ಯಾಸ ಓದಿ. ಒಂದೊಂದನ್ನೂ ಬೇರೆಯಾಗಿ 0.65 ವೋಲ್ಟ್ ಎಂದು ಅಳೆದರೆ ಕೋಣೆಯ ಸೆಕೆ ಏರಿದಂತೆ ಲೆಕ್ಕವೂ ಜಾರುತ್ತದೆ. ವ್ಯತ್ಯಾಸ ಅಳೆದರೆ ಸೆಕೆ ಇಬ್ಬರಿಗೂ ಒಂದೇ. ಬೆರಳಲ್ಲಿ ಹಿಡಿದು ಚುಚ್ಚಿದ ಮೇಲೆ ಒಂದು ನಿಮಿಷ ಕಾಯಿರಿ. ಹೆಬ್ಬೆರಳಿನ ಬಿಸಿಗೇ ಹಲವು ಮಿಲಿವೋಲ್ಟ್ ಓಡುತ್ತದೆ.

ಬೀಟಾ ಗುಂಪಿನ ಬಗ್ಗೆ ಹುಡುಗರಿಗೆ ವಿಪರೀತ ಮೋಹ. ಬಿಸಿ 547ರಲ್ಲಿ ಎ ಅಂದರೆ 110ರಿಂದ 220, ಬಿ 200ರಿಂದ 450, ಸಿ 420ರಿಂದ 800. ಸಿ ಸಿಕ್ಕರೆ ಚಿನ್ನ ಸಿಕ್ಕಂತೆ. ಆದರೆ ಬೀಟಾ ಏರಿದಷ್ಟೂ ಅರ್ಲಿ ವೋಲ್ಟೇಜ್ ಇಳಿಯುವುದೇ ಸಾಮಾನ್ಯ. ಕನ್ನಡಿಗೆ ನಾನು ಬಿ ಗುಂಪನ್ನೇ ಆರಿಸುತ್ತೇನೆ.

5. ಫ್ಯಾನಿನ ಕಥೆ

ಆ ಆಂಪ್ಲಿಫೈಯರಿನಲ್ಲಿ ಇನ್‌ಪುಟ್ ಜೋಡಿಯನ್ನು ನೂರರಲ್ಲಿ ಆಯ್ದು, ಬೆನ್ನಿಗೆ ಬೆನ್ನು ಅಂಟಿಸಿ ಜೋಪಾನವಾಗಿ ಇಟ್ಟಿದ್ದೆ. ಕನ್ನಡಿಯ ಎರಡು ಟ್ರಾನ್ಸಿಸ್ಟರುಗಳನ್ನೂ ಹೊಂದಿಸಿದ್ದೆ, ಆದರೆ ಬೋರ್ಡಿನಲ್ಲಿ ಜಾಗ ಸಿಕ್ಕ ಕಡೆ, ಎರಡು ಅಂಗುಲ ದೂರದಲ್ಲಿ ಬೆಸೆದಿದ್ದೆ. ಕೇವಲ ಲೋಡ್ ತಾನೇ ಎಂಬ ಉಡಾಫೆ.

ಮೂರನೇ ದಿನ ಸಂಜೆ ಬೇಸತ್ತು, ಬೋರ್ಡಿನ ಮೇಲೆ ಬೆಂಕಿಪೊಟ್ಟಣದ ಖಾಲಿ ಡಬ್ಬಿ ಕವುಚಿ ಇಟ್ಟೆ. ಸೂಜಿ ನಿಂತಿತು. ಆಮೇಲೆ ಲೆಕ್ಕ ಹಾಕಿದೆ. ಡಯೋಡ್ ಬದಿಯ ಟ್ರಾನ್ಸಿಸ್ಟರಿನ ಮೇಲೆ ಇರುವುದು 0.65 ವೋಲ್ಟ್, ಅರ್ಧ ಮಿಲಿಆಂಪ್. ಅದರಲ್ಲಿ ಹುಟ್ಟುವ ಶಾಖ 0.3 ಮಿಲಿವ್ಯಾಟ್. ಔಟ್‌ಪುಟ್ ಬದಿಯದರ ಮೇಲೆ 12 ವೋಲ್ಟ್. ಶಾಖ 6 ಮಿಲಿವ್ಯಾಟ್. ಆ ಪ್ಲಾಸ್ಟಿಕ್ ಪೊಟ್ಟಣ ವ್ಯಾಟಿಗೆ 200 ಡಿಗ್ರಿ ಏರುವಂಥದ್ದು. ಅಂದರೆ ಒಂದು ತಣ್ಣಗೆ ಕೂತಿದ್ದರೆ ಅದರ ಜೊತೆಗಾರ 1.2 ಡಿಗ್ರಿ ಬಿಸಿ. ಗಾಳಿ ಬೀಸಿದಾಗ ಬಿಸಿಯಾದದ್ದು ಹೆಚ್ಚು ತಣಿಯುತ್ತದೆ, ತಣ್ಣಗಿದ್ದದ್ದಕ್ಕೆ ತಣಿಯಲು ಏನೂ ಇಲ್ಲ. ವ್ಯತ್ಯಾಸ ಅರ್ಧ ಡಿಗ್ರಿ ಬದಲಾದರೆ 1 ಮಿಲಿವೋಲ್ಟ್, ಡಿಗ್ರಿಗೆ 2 ಮಿಲಿವೋಲ್ಟಿನ ಲೆಕ್ಕದಲ್ಲಿ. ನನ್ನ ಪೂರ್ತಿ ತೂಕ 20 ಮಿಲಿವೋಲ್ಟ್. ಫ್ಯಾನಿನ ಗಾಳಿ ನೂರು ಕಿಲೋದಲ್ಲಿ ಐದು ಕಿಲೋ ತೂಗುತ್ತಿತ್ತು!

ಅಂದಿನಿಂದ ಕನ್ನಡಿಯ ಎರಡರ ಚಪ್ಪಟೆ ಮುಖಗಳನ್ನು ಒತ್ತಿ ಅಂಟಿಸಿ ಮೇಲೆ ಹೀಟ್‌ಶ್ರಿಂಕ್ ತೊಡಿಸುತ್ತೇನೆ. ಈಗ ಬಿಸಿವಿ 62 ಎಂಬ ನಾಲ್ಕು ಕಾಲಿನ ಪುಟ್ಟ ಪೊಟ್ಟಣದಲ್ಲಿ ಪಿಎನ್‌ಪಿ ಕನ್ನಡಿಯೇ ಸಿಗುತ್ತದೆ, ಬಿಸಿವಿ 61ರಲ್ಲಿ ಎನ್‌ಪಿಎನ್ ಕನ್ನಡಿ. ಕಣ್ಣು ಚುರುಕಾಗಿರುವವರು ಅದನ್ನೇ ಬೆಸೆಯಲಿ.

6. ಎಮಿಟರಿಗೆ 220 ಓಂ

ಪುಸ್ತಕದ ಚಿತ್ರಗಳಲ್ಲಿ ಕನ್ನಡಿಯ ಎಮಿಟರುಗಳು ನೇರ ಸಪ್ಲೈಗೆ ಅಂಟಿರುತ್ತವೆ. ಬಿಡಿ ಟ್ರಾನ್ಸಿಸ್ಟರಿನಲ್ಲಿ ಹಾಗೆ ಮಾಡಬೇಡಿ. ಒಂದೊಂದಕ್ಕೂ 1 ಶೇಕಡಾ ನಿಖರತೆಯ 220 ಓಂ ಹಾಕಿ. ಅರ್ಧ ಮಿಲಿಆಂಪಿಗೆ 110 ಮಿಲಿವೋಲ್ಟ್ ಬೀಳುತ್ತದೆ. ಟ್ರಾನ್ಸಿಸ್ಟರಿನ ತಪ್ಪು ಐದು ಪಟ್ಟು ತಗ್ಗುತ್ತದೆ. ಫ್ಯಾನಿನ 1 ಮಿಲಿವೋಲ್ಟ್ 0.2 ಆಗುತ್ತದೆ. ಕನ್ನಡಿ ತಾನೇ ಹುಟ್ಟಿಸುವ ನಾಯ್ಸ್ ಕೂಡ ಇಳಿಯುತ್ತದೆ. ಕಳೆದುಕೊಳ್ಳುವುದು 110 ಮಿಲಿವೋಲ್ಟಿನ ಜಾಗ ಮಾತ್ರ.

ಇದು ನನ್ನ ಶೋಧವೇನಲ್ಲ. 1968ರ 741 ಚಿಪ್ಪಿನೊಳಗಿನ ಕನ್ನಡಿಗೂ 1 ಕೆ ಎಮಿಟರ್ ರೆಸಿಸ್ಟರ್ ಇವೆ. ಅದರ 1 ಮತ್ತು 5ನೇ ಪಿನ್ನಿನ ನಡುವೆ 10 ಕೆ ಪ್ರಿಸೆಟ್ ಹಾಕಿ ಆಫ್‌ಸೆಟ್ ಸೊನ್ನೆ ಮಾಡುತ್ತೇವಲ್ಲ, ಆ ಪಿನ್ನುಗಳು ಮುಟ್ಟುವುದು ಕನ್ನಡಿಯ ಎಮಿಟರುಗಳನ್ನೇ. ಎಷ್ಟೋ ವರ್ಷ ಆ ಪ್ರಿಸೆಟ್ ತಿರುಗಿಸಿದ್ದೆ, ಒಳಗೆ ಏನು ತಿರುಗುತ್ತಿದೆ ಎಂದು ಕೇಳಿಕೊಂಡಿರಲಿಲ್ಲ.

7. ಎರಡು ಕಲೆಕ್ಟರುಗಳೂ ಒಂದೇ ಎತ್ತರದಲ್ಲಿರಲಿ

ಇದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಡಯೋಡ್ ಬದಿಯ ಕಲೆಕ್ಟರ್ ಸಪ್ಲೈಯಿಂದ 0.65 ವೋಲ್ಟ್ ಕೆಳಗೆ, ಔಟ್‌ಪುಟ್ ಬದಿಯದು 12 ವೋಲ್ಟ್ ಕೆಳಗೆ. ಅರ್ಲಿ ವೋಲ್ಟೇಜ್ 100 ಎಂದಾದರೆ ಈ ಎತ್ತರದ ವ್ಯತ್ಯಾಸವೇ ಬರೀ ಕನ್ನಡಿಯ ನಕಲಿನಲ್ಲಿ 11 ಶೇಕಡಾ ತಪ್ಪು ತರುತ್ತದೆ, ಇನ್‌ಪುಟ್ಟಿಗೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ 3 ಮಿಲಿವೋಲ್ಟ್. ನೂರರಲ್ಲಿ ಆಯ್ದು ತಂದ ಹೊಂದಾಣಿಕೆ ಇಲ್ಲೇ ನೀರುಪಾಲು.

ಮದ್ದು ಸರಳ. ಮುಂದಿನ ಹಂತಕ್ಕೆ ಪಿಎನ್‌ಪಿ ಹಾಕಿ. ಅದರ ಬೇಸ್ ಕೂಡ ಸಪ್ಲೈಯಿಂದ ಒಂದು ಡಯೋಡಿನಷ್ಟೇ ಕೆಳಗೆ ಇರುತ್ತದೆ, ಎರಡೂ ಕಲೆಕ್ಟರುಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ. ಶಾಖವೂ ಸಮ, ಹಾಗಾಗಿ ಫ್ಯಾನಿನ ಕಾಟ ಬುಡದಲ್ಲೇ ಹೋಗುತ್ತದೆ. ಐದನೇ ಪಾಠದ ಆ ಬೋರ್ಡನ್ನು ಹೀಗೆ ಕಟ್ಟಿದ್ದರೆ ಬೆಂಕಿಪೊಟ್ಟಣವೇ ಬೇಕಿರಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕನ್ನಡಿಯ ಎರಡು ಬೇಸುಗಳ ಕರೆಂಟೂ ಡಯೋಡ್ ಬದಿಯ ಲೆಕ್ಕಕ್ಕೇ ಬೀಳುತ್ತದೆ. ಬೀಟಾ 200 ಎಂದರೆ 5 ಮೈಕ್ರೋಆಂಪ್, 1 ಶೇಕಡಾ. ಎದುರು ಬದಿಗೆ ಮುಂದಿನ ಹಂತದ ಬೇಸ್ ಕರೆಂಟ್ ಬೀಳುತ್ತದೆ. ಆ ಹಂತವನ್ನು 5 ಮಿಲಿಆಂಪಿನಲ್ಲಿ ಓಡಿಸಿದರೆ ಅದು 25 ಮೈಕ್ರೋಆಂಪ್. ತಕ್ಕಡಿ ಆ ಕಡೆ ವಾಲಿ 1 ಮಿಲಿವೋಲ್ಟ್ ಆಫ್‌ಸೆಟ್. ಬದಲಿಗೆ ಅದನ್ನು ಟೇಲ್ ಕರೆಂಟಿನಷ್ಟೇ, 1 ಮಿಲಿಆಂಪಿನಲ್ಲಿ ಓಡಿಸಿ. ಈಚೆ 5, ಆಚೆ 5. ಒಂದು ಟ್ರಾನ್ಸಿಸ್ಟರನ್ನೂ ಹೆಚ್ಚು ಹಾಕದೆ ತಪ್ಪು ತಪ್ಪನ್ನು ತಿಂದಿತು. ಕಾಗದದ ಮೇಲೆ ಇದು ಕಂಡ ರಾತ್ರಿ ನಾನು ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು "ಛಲೋ ಆತು" ಎಂದು ಮಗ್ಗುಲು ಬದಲಿಸಿದಳು.

ಇದೇ ಬೇಸ್ ಕರೆಂಟಿನ ತಪ್ಪಿಗೆ ಮದ್ದಾಗಿ ಮೂರು ಟ್ರಾನ್ಸಿಸ್ಟರಿನ ವಿಲ್ಸನ್ ಕನ್ನಡಿ ಇದೆ. 1967ರಲ್ಲಿ ಟೆಕ್ಟ್ರಾನಿಕ್ಸ್‌ನ ಜಾರ್ಜ್ ವಿಲ್ಸನ್ ಮತ್ತು ಬ್ಯಾರಿ ಗಿಲ್ಬರ್ಟ್, ಮೂರೇ ಟ್ರಾನ್ಸಿಸ್ಟರಿನಲ್ಲಿ ಒಳ್ಳೆಯ ಕನ್ನಡಿ ಯಾರು ಬರೆಯುತ್ತಾರೆ ನೋಡೋಣ ಎಂದು ಪಂಥ ಕಟ್ಟಿದಾಗ ರಾತ್ರಿ ಬೆಳಗಾಗುವುದರೊಳಗೆ ವಿಲ್ಸನ್ ಬರೆದದ್ದು ಅದು. ಚೆಲುವಾದ ಸರ್ಕ್ಯೂಟ್. ಆದರೆ ಅದು ಇನ್ನೊಂದು ಡಯೋಡಿನಷ್ಟು ವೋಲ್ಟೇಜ್ ತಿನ್ನುತ್ತದೆ, ಹೊಂದದ ಟ್ರಾನ್ಸಿಸ್ಟರುಗಳನ್ನು ಹೊಂದಿಸುವುದಿಲ್ಲ. ನನ್ನ ಬೆಂಚಿನ ರೋಗ ಬಹಳ ಸಲ ಎರಡನೆಯದೇ.

8. ಡಯೋಡ್ ಬದಿಯಿಂದ ಔಟ್‌ಪುಟ್ ತೆಗೆಯಬೇಡಿ

ಅಲ್ಲಿರುವುದು ಐವತ್ತು ಓಂ. ಗೇನ್ ಒಂದಕ್ಕಿಂತಲೂ ಕಡಿಮೆ. ಇಷ್ಟೇ.

9. ಅಳೆಯುವ ಮೀಟರೂ ಸರ್ಕ್ಯೂಟಿನ ಭಾಗ

ಬ್ಯಾಟರಿಯ ಉಪಕರಣಕ್ಕೆಂದು ಬದಿಗೆ 50 ಮೈಕ್ರೋಆಂಪಿಗೆ ಇಳಿಸಿದರೆ ಔಟ್‌ಪುಟ್ ರೆಸಿಸ್ಟೆನ್ಸ್ 1 ಮೆಗಾಓಮಿಗೆ ಏರುತ್ತದೆ. ಆಸಿಲೋಸ್ಕೋಪಿನ ಪ್ರೋಬನ್ನು ಒಂದು ಪಟ್ಟಿಗೆ ಇಟ್ಟು ಅಲ್ಲಿ ಮುಟ್ಟಿದಿರೋ, ಅದರದ್ದೂ 1 ಮೆಗಾಓಮ್, ನಿಮ್ಮ ಗೇನ್ ಅರ್ಧಕ್ಕೆ ಬಿತ್ತು. ಹತ್ತು ಪಟ್ಟಿಗೆ ತಿರುಗಿಸಿಕೊಳ್ಳಿ. ಇಲ್ಲವೇ ಆ ಜಾಗ ಮುಟ್ಟದೆ ಮುಂದಿನ ಹಂತದ ಔಟ್‌ಪುಟ್ಟಿನಲ್ಲಿ ನೋಡಿ.

10. ಅಂಗೈ ಹುಣ್ಣಿಗೆ ಕನ್ನಡಿ ಬೇಡ

ಗೇನ್ ಹತ್ತೋ ಇಪ್ಪತ್ತೋ ಸಾಕಾದ ಕಡೆ, ಎರಡೂ ಕಲೆಕ್ಟರುಗಳಿಂದ ಸಿಗ್ನಲ್ ತೆಗೆಯುವ ಕಡೆ, ಹೌದು-ಅಲ್ಲ ಎಂದಷ್ಟೇ ಹೇಳಬೇಕಾದ ಕಡೆ, ರೆಸಿಸ್ಟರೇ ಸೈ. ಅದಕ್ಕೆ ಜೋಡಿ ಹುಡುಕುವುದು ಬೇಡ, ಅಂಟು ಬೇಡ, ಹೀಟ್‌ಶ್ರಿಂಕ್ ಬೇಡ. ಮೊನ್ನೆ ಅದೇ ಇಂಡಿಯ ಹುಡುಗ ನಮ್ಮ ಚಾಳಿನ ನೀರಿನ ಟಾಕಿ ತುಂಬಿದರೆ ಕೂಗುವ ಅಲಾರಮ್ ಮಾಡಿ ತಂದ. ಒಳಗೆ ವಿಲ್ಸನ್ ಕನ್ನಡಿ, ಅದರ ಮೇಲೊಂದು ಸಹಾಯಕ ಟ್ರಾನ್ಸಿಸ್ಟರ್, ಎಲ್ಲಕ್ಕೂ ಎಮಿಟರ್ ರೆಸಿಸ್ಟರ್. ನಾಲ್ಕು ಟ್ರಾನ್ಸಿಸ್ಟರ್ ಕಿತ್ತು ಎರಡು 10 ಕೆ ಹಾಕಿಸಿದೆ. ಟಾಕಿ ತುಂಬಿತು, ಅಲಾರಮ್ ಕೂಗಿತು.

"ಹಂಗಾರ ಇಷ್ಟ ದಿನಾ ಯಾಕ ಕಲಿಸಿದ್ರಿ ಕಾಕಾ?" ಎಂದು ಕೇಳುತ್ತಲೇ, ಕಿತ್ತ ನಾಲ್ಕನ್ನೂ ಯಜಮಾನನ ಪಕ್ಕದ ಸಾಕೆಟ್ಟಿಗೆ ಒಂದೊಂದಾಗಿ ಚುಚ್ಚಿ, ವ್ಯತ್ಯಾಸ ಓದಿ, ಚೀಟಿ ಅಂಟಿಸಿ ಡಬ್ಬಿಗೆ ಹಾಕಿದ. ಬೆಸುಗೆಯ ಬಿಸಿ ಆರುವ ತನಕ ಕಾಯಲಿಲ್ಲ. ನಾಳೆ ಅವನ್ನು ಮತ್ತೆ ಅಳೆಯಬೇಕು.